ಬಾಳೆಗೆ ಹುಲ್ಲಿನ ಅಂಗಿ

ಇಂಗ್ಲೆಂಡಿನಲ್ಲಿ ಲಂಟಾನ ಗಿಡವನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಕುಂಡದಲ್ಲಿ ಒಂದೇ ಒಂದು ಗಿಡ, ಪಕ್ಕದಲ್ಲಿ ಸಿಕ್ಕಿಸಿದ ಹೆಸರಿನ ಚೀಟಿ, ಅದರ ಮೇಲೆ ಹಳದಿ-ಕಿತ್ತಳೆ ಹೂಗೊಂಚಲಿನ ಫೋಟೊ. ಬೇಸಿಗೆಯಿಡೀ ಅದನ್ನು ಅಂಗಳದ ಬಿಸಿಲಿನಲ್ಲಿಡುತ್ತಾರೆ. ಅಕ್ಟೋಬರ್ ಬಂತೆಂದರೆ ಎರಡೂ ಕೈಯಲ್ಲಿ ಎತ್ತಿಕೊಂಡು ಮನೆಯೊಳಗೆ ತರುತ್ತಾರೆ. ಹೊರಗೇ ಬಿಟ್ಟರೆ ಚಳಿಗೆ ಕಪ್ಪಾಗಿ ಸತ್ತುಹೋಗುತ್ತದೆ. ಬಂಡೀಪುರದ ರಸ್ತೆಯ ಎರಡೂ ಬದಿಗೆ ಆಳೆತ್ತರ ಹಬ್ಬಿ ಜಿಂಕೆಗೆ ಹುಲ್ಲೇ ಇಲ್ಲದಂತೆ ಮಾಡಿದ ಲಂಟಾನವನ್ನು, ಬಿಳಿಗಿರಿರಂಗನ ಬೆಟ್ಟದಲ್ಲಿ ಕಡಿದಷ್ಟೂ ಚಿಗುರುವ ಲಂಟಾನವನ್ನು ಕಂಡವರಿಗೆ ಇದು ನಂಬುವ ಮಾತಲ್ಲ. ಆದರೆ ಗಿಡ ಅದೇ. ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಹೊರಟು, 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರ ಕೈಯಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದು, ಬೇಲಿ ಹಾರಿ ಕಾಡು ಸೇರಿದ್ದು ಇದೇ. ಇಂಗ್ಲೆಂಡಿನಲ್ಲಿ ಬೇಲಿ ಹಾರಲು ಅದಕ್ಕೆ ಚಳಿಗಾಲ ಬಿಡಲಿಲ್ಲ.

ಪರದೇಶದ ಗಿಡಗಳನ್ನು ಚಳಿನಾಡಿನ ಹಿತ್ತಿಲಲ್ಲಿ ಬೆಳೆಸುವವರ ಸಂಭ್ರಮ, ಗೋಳು ಎರಡನ್ನೂ ಹತ್ತಿರದಿಂದ ಕಂಡಿದ್ದೇನೆ. ನನ್ನ ತಂಗಿಯ ಮಗಳು ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಊರಿನಲ್ಲಿ ಸಂಸಾರ ಹೂಡಿದ್ದಾಳೆ. ಅವಳ ಮನೆಯಲ್ಲಿ ಒಂದು ಚಳಿಗಾಲ ಕಳೆದಾಗ ನನಗೆ ಮಾಡಲು ಹೆಚ್ಚು ಕೆಲಸವಿರಲಿಲ್ಲ. ಕಿಟಕಿಯಲ್ಲಿ ನಿಂತು ಅಕ್ಕಪಕ್ಕದ ಹಿತ್ತಿಲು ನೋಡುವುದೇ ಕೆಲಸ. ಅಲ್ಲಿ ಕಂಡದ್ದರಲ್ಲಿ ಅರ್ಧ ನಮ್ಮೂರಿನ ಗಿಡಗಳೇ. ಬಾಳೆ, ಕೆಸುವಿನ ಜಾತಿಯ ದೊಡ್ಡೆಲೆಯ ಗಿಡ, ಕಾಬಾಳೆ, ಡೇರೆ. ಸಾಗರ-ಸಿರ್ಸಿ ಕಡೆಯ ಹಿತ್ತಿಲಲ್ಲಿ ಯಾರೂ ತಿರುಗಿ ನೋಡದ ಗಿಡಗಳಿಗೆ ಅಲ್ಲಿ ರಾಜೋಪಚಾರ.

ಲಂಡನ್ ಇರುವುದು ಭೂಮಧ್ಯರೇಖೆಯಿಂದ 51.5 ಡಿಗ್ರಿ ಉತ್ತರಕ್ಕೆ. ಬೆಂಗಳೂರು 13 ಡಿಗ್ರಿಯ ಹತ್ತಿರ. ಹೆಚ್ಚುಕಡಿಮೆ ಅದೇ 51 ಡಿಗ್ರಿಯಲ್ಲಿರುವ ಕೆನಡಾದ ಕ್ಯಾಲ್ಗರಿಯಲ್ಲಿ ಚಳಿಗಾಲದ ರಾತ್ರಿ ಮೈನಸ್ 20ಕ್ಕೂ ಕೆಳಗಿಳಿಯುತ್ತದೆ. ಲಂಡನ್ನಿನಲ್ಲಿ ಮೈನಸ್ 5 ಬಂದರೆ ಅದೇ ದೊಡ್ಡ ಸುದ್ದಿ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ನೀರು, ಅದರ ಮೇಲಿಂದ ಬೀಸುವ ಪಡುಗಾಳಿ ಆ ದ್ವೀಪವನ್ನು ಕಾಯುತ್ತವೆ. ಹಾಗಾಗಿ ಬ್ರಿಟನ್ನಿನ ತೋಟಗಾರನ ಪಾಡು ವಿಚಿತ್ರ. ಬಾಳೆ ಬೆಳೆಯಲು ಆಗುವುದೇ ಇಲ್ಲ ಎಂದಿದ್ದರೆ ಕೈಬಿಟ್ಟು ಸುಮ್ಮನಿರುತ್ತಿದ್ದ. ಇನ್ನೇನು ಆಗಿಯೇಬಿಟ್ಟೀತು ಎನ್ನುವಷ್ಟು ಆಸೆ ತೋರಿಸುವ ಚಳಿ ಅಲ್ಲಿಯದು.

ಆಸೆ ಮುರಿಯುವುದು ಮೋಡವಿಲ್ಲದ ರಾತ್ರಿಗಳಲ್ಲಿ. ಹಗಲು ಹೀರಿಕೊಂಡ ಶಾಖವನ್ನು ನೆಲ ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದರಲ್ಲಿ ಒಂದು ಪಾಲು ವಾಪಸು ಬರುತ್ತದೆ, ಇಲ್ಲದಿದ್ದರೆ ಹೋದದ್ದು ಹೋಯಿತು. ಗಾಳಿ ನಿಂತಿರುತ್ತದೆ. ತಣ್ಣಗಾದ ಗಾಳಿ ಭಾರ. ಅದು ಇಳಿಜಾರಿನಲ್ಲಿ ನೀರಿನಂತೆಯೇ ಹರಿದು ತಗ್ಗಿನಲ್ಲಿ, ಗೋಡೆಯ ಮೂಲೆಯಲ್ಲಿ ಮಡುಗಟ್ಟುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆಲ್ಲ ಬಿಳಿ ಪುಡಿ. ಅಲ್ಲಿನವರು ಫ್ರಾಸ್ಟ್ ಎನ್ನುವುದು ಇದಕ್ಕೇ. ಒಂದೇ ಹಿತ್ತಿಲಿನ ಮೇಲ್ಭಾಗದ ಗಿಡ ಬದುಕಿ, ಕೆಳಭಾಗದ್ದು ಸತ್ತಿರುವುದೂ ಉಂಟು. ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಬುಡಕ್ಕೆ ಅಲ್ಲಿ ಇಷ್ಟೊಂದು ಬೆಲೆ ಇರುವುದು ಇದರಿಂದಲೇ. ಹಗಲೆಲ್ಲ ಬಿಸಿಲು ಕುಡಿದ ಇಟ್ಟಿಗೆ ರಾತ್ರಿ ಒಂದೆರಡು ಡಿಗ್ರಿ ಹೆಚ್ಚು ಕೊಟ್ಟರೂ ಗಿಡಕ್ಕೆ ಅದು ಸಾವು-ಬದುಕಿನ ನಡುವಿನ ಅಂತರ.

ಗಿಡದೊಳಗೆ ನಡೆಯುವುದೂ ನಾವು ಅಂದುಕೊಂಡ ಹಾಗಲ್ಲ. ಸಾಮಾನ್ಯವಾಗಿ ಮಂಜುಗಡ್ಡೆ ಮೊದಲು ಕಟ್ಟುವುದು ಜೀವಕೋಶದ ಹೊರಗೆ, ಕೋಶ-ಕೋಶಗಳ ನಡುವಿನ ಜಾಗದಲ್ಲಿ. ಆ ಗಡ್ಡೆ ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಅಂದರೆ ಗಿಡ ಚಳಿಯಲ್ಲಿ ಸಾಯುವುದು ಬಹುಮಟ್ಟಿಗೆ ನೀರಡಿಸಿ. ಚಳಿನಾಡಿನ ಮರಗಳು ಹಗಲು ಗಿಡ್ಡವಾಗುತ್ತಿದ್ದಂತೆಯೇ ಸುಳಿವು ಹಿಡಿದು, ಕೋಶದಲ್ಲಿ ಸಕ್ಕರೆ ಕೂಡಿಟ್ಟು, ಎಲೆ ಉದುರಿಸಿ ತಯಾರಾಗುತ್ತವೆ. ಬಾಳೆಗೆ ಆ ವಿದ್ಯೆ ಯಾರೂ ಕಲಿಸಿಲ್ಲ. ನೀರು ಹೆಪ್ಪುಗಟ್ಟುವ ಎಷ್ಟೋ ಮೊದಲೇ, ಹದಿಮೂರು-ಹದಿನಾಲ್ಕು ಡಿಗ್ರಿಗೆ ಇಳಿಯುವಾಗಲೇ ಅದರ ಬೆಳವಣಿಗೆ ನಿಲ್ಲುತ್ತದೆ.

ಆದರೂ ಅವರು ಬಾಳೆ ಬೆಳೆಯುತ್ತಾರೆ. ಪುಟ್ಟಬಾಳೆಯೂ ಅಲ್ಲ, ನೇಂದ್ರವೂ ಅಲ್ಲ. ಮೂಸಾ ಬಾಸ್ಜೂ ಎಂಬ ಜಾತಿ. ಜಪಾನಿನ ಬಾಳೆ ಎಂದೇ ಕರೆದರೂ ಅದರ ತವರು ದಕ್ಷಿಣ ಚೀನಾ. ಹಣ್ಣು ಬಿಟ್ಟರೂ ಬರೀ ಬೀಜ, ತಿನ್ನಲಾಗದು. ಜಪಾನಿನ ದೊಡ್ಡ ಹಾಯ್ಕು ಕವಿ ಬಾಶೊ ಹೆಸರು ಪಡೆದದ್ದು ಈ ಬಾಳೆಯಿಂದಲೇ. 1680ರ ದಶಕದ ಹೊಸ್ತಿಲಲ್ಲಿ ಅವನ ಗುಡಿಸಲಿನ ಮುಂದೆ ಶಿಷ್ಯರು ಇದರದೊಂದು ಗಿಡ ನೆಟ್ಟುಕೊಟ್ಟಿದ್ದರು. ಯಾತಕ್ಕೂ ಉಪಯೋಗವಿಲ್ಲದ ಮರ ಎಂಬ ಕಾರಣಕ್ಕೇ ಅವನಿಗೆ ಅದರ ಮೇಲೆ ಪ್ರೀತಿ. ಎಲೆಯಲ್ಲಿ ಊಟ, ಹೂವಿನ ಪಲ್ಯ, ದಿಂಡಿನ ಕೋಸಂಬರಿ, ಪಟ್ಟೆಯಲ್ಲಿ ಹೂ ಕಟ್ಟುವ ದಾರ ತೆಗೆಯುವ ನಮಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟ.

ತಂಗಿಯ ಮಗಳ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು. ನವೆಂಬರಿನ ಒಂದು ಬೆಳಗ್ಗೆ ಅವರ ಹಿತ್ತಿಲಿನ ಬಾಳೆಯೆಲೆಗಳು ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿ ಜೋತುಬಿದ್ದಿದ್ದವು. ಮೇಷ್ಟ್ರು ಕಾದು ಕುಳಿತದ್ದೇ ಇದಕ್ಕೆ. ಮೊದಲ ಫ್ರಾಸ್ಟ್ ಎಲೆ ಸುಡುವವರೆಗೂ ಮುಟ್ಟಬಾರದಂತೆ. ಸಣ್ಣ ಗರಗಸ ತಂದು ಒಂದೊಂದೇ ಎಲೆಯನ್ನು ಬುಡದಲ್ಲಿ ಕೊಯ್ದರು. ಬೋಳು ಕಂಬ ಅವರ ಎದೆಯೆತ್ತರಕ್ಕೆ ಉಳಿಯಿತು. ಸುತ್ತ ನಾಲ್ಕು ಗೂಟ ಹೊಡೆದು, ಕೋಳಿಗೂಡಿಗೆ ಹಾಕುವ ತಂತಿಜಾಲರಿಯನ್ನು ಅದಕ್ಕೆ ಸುತ್ತಿದರು. ಆಮೇಲೆ ಒಣಹುಲ್ಲಿನ ಕಟ್ಟು ಬಿಚ್ಚಿ ಹಿಡಿಹಿಡಿಯಾಗಿ ತುಂಬತೊಡಗಿದರು. ಗಟ್ಟಿಯಾಗಿ ಒತ್ತುವುದಿಲ್ಲ, ಸಡಿಲವಾಗಿ. ಕಾಯುವುದು ಹುಲ್ಲಲ್ಲ, ಹುಲ್ಲಿನ ನಡುವೆ ಸಿಕ್ಕಿಕೊಂಡ ಗಾಳಿ. ಕೊನೆಗೆ ನೆತ್ತಿಯ ಮೇಲೆ ಒಂದು ಹಳೆಯ ಹೆಂಚಿಟ್ಟು ಪ್ಲಾಸ್ಟಿಕ್ ಹಾಳೆ ಕಟ್ಟಿದರು. ಸುಳಿಗೆ ಮಳೆನೀರು ಇಳಿದರೆ ಕೊಳೆಯುತ್ತದೆ, ಹಾಗಾಗಿ ಹುಲ್ಲಿಗಿಂತ ಮುಖ್ಯ ಈ ಟೋಪಿಯೇ ಎಂದರು. ಅವರ ಕೋಟಿನ ತೋಳಿನ ಮೇಲೆ ಎಷ್ಟೋ ವರ್ಷದ ಕಂದು ಕಲೆಗಳಿದ್ದವು. ಬಾಳೆಯ ಕರೆ ಒಗೆದರೆ ಹೋಗುವುದಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಷ್ಟೆಲ್ಲ ಮಾಡಿ ಉಳಿಸಿಕೊಳ್ಳುವುದು ಏನನ್ನು? ಗಿಡದ ಜೀವವನ್ನಲ್ಲ. ನೆಲದಡಿಯ ಗೆಡ್ಡೆ ಹೇಗೂ ಬದುಕುತ್ತದೆ. ಬುಡಕ್ಕೆ ಒಂದಷ್ಟು ತರಗೆಲೆ ಮುಚ್ಚಿದರೆ ಮೈನಸ್ 10ರ ಆಚೆಗೂ ತಡೆದುಕೊಂಡು ಬೇಸಿಗೆಯಲ್ಲಿ ಕಂದು ಹೊರಡಿಸುತ್ತದೆ. ಹುಲ್ಲಿನ ಅಂಗಿ ಉಳಿಸುವುದು ಕಂಬವನ್ನು. ಕಂಬ ಉಳಿದರೆ ಮುಂದಿನ ವರ್ಷದ ಎಲೆ ಎದೆಯೆತ್ತರದಿಂದ ಶುರುವಾಗುತ್ತದೆ, ಉಳಿಯದಿದ್ದರೆ ಪಾದದ ಬಳಿಯಿಂದ. ಮೇಷ್ಟ್ರ ಶ್ರಮವೆಲ್ಲ ಈ ಎತ್ತರಕ್ಕಾಗಿ, ಬೇಲಿಯಾಚೆಯವರಿಗೂ ಬಾಳೆ ಕಾಣಲಿ ಎಂಬುದಕ್ಕಾಗಿ. ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಹಿತ್ತಿಲಿನ ಕೆಲಸದಲ್ಲಿ ಒಂದಿಷ್ಟು ಜಂಬವಿಲ್ಲದಿದ್ದರೆ ಯಾರು ನವೆಂಬರಿನ ಥಂಡಿಯಲ್ಲಿ ಹುಲ್ಲು ತುಂಬುತ್ತಾರೆ?

ಹೀಗೆ ಮೈಗೆ ಸುತ್ತಿ ಕಾಯುವುದು ಒಂದು ಬಗೆ. ಕಿತ್ತು ಒಳಗಿಡುವುದು ಇನ್ನೊಂದು. ಅದರ ಮಾತು ಬಂದರೆ ಡೇರೆಯ ಕಥೆ ಹೇಳಲೇಬೇಕು.

ಮಲೆನಾಡಿನವರಿಗೆ ಡೇರೆ ಹೂವನ್ನು ಪರಿಚಯಿಸುವುದು ಬೇಡ. ಪಟ್ಟಣದವರು ಡೇಲಿಯ ಎನ್ನುವುದು ಅದನ್ನೇ. ಮಳೆಗಾಲದಲ್ಲಿ ಜಗಲಿಯ ಮುಂದೆ ಊಟದ ಬಟ್ಟಲಿನಷ್ಟು ದೊಡ್ಡ ಹೂ ಬಿಟ್ಟು ಭಾರಕ್ಕೆ ತಲೆಬಾಗಿಸಿ ನಿಲ್ಲುತ್ತದೆ. ಯಾರ ಮನೆಯಲ್ಲಿ ಯಾವ ಬಣ್ಣವಿದೆ ಎಂಬುದು ಊರಿನ ಹೆಂಗಸರಿಗೆಲ್ಲ ಗೊತ್ತು. ನೆಂಟರ ಮನೆಗೆ ಹೋದರೆ ಬರುವಾಗ ಸೆರಗಿನಲ್ಲಿ ಒಂದು ಗೆಡ್ಡೆ. ನಮ್ಮದೇ ಹೂ ಎನ್ನುವಷ್ಟು ಅದು ನಮ್ಮದಾಗಿದೆ. ಅದರ ತವರು ಮಾತ್ರ ಮೆಕ್ಸಿಕೊ. 1963ರಿಂದ ಆ ದೇಶದ ರಾಷ್ಟ್ರೀಯ ಹೂ. 18ನೇ ಶತಮಾನದ ಕೊನೆಗೆ ಮೆಕ್ಸಿಕೊದಿಂದ ಸ್ಪೇನಿನ ಮ್ಯಾಡ್ರಿಡ್ಡಿನ ಸಸ್ಯತೋಟಕ್ಕೆ ಹೋಯಿತು. ಅಲ್ಲಿನ ಕಾವನಿಲ್ಲೆಸ್ ಎಂಬ ಸಸ್ಯವಿಜ್ಞಾನಿ 1791ರಲ್ಲಿ ಅದಕ್ಕೆ ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನ ಹೆಸರಿಟ್ಟ. ಮುಂದೆ ಯುರೋಪೆಲ್ಲ ಸುತ್ತಿತು.

ಮೆಕ್ಸಿಕೊದ ಬೆಟ್ಟಗಳಲ್ಲಿ ಡೇರೆಗೆ ಕಷ್ಟಕಾಲವೆಂದರೆ ಒಣಗಾಲ. ಮಳೆ ನಿಂತ ಮೇಲೆ ಮೇಲಿನದೆಲ್ಲ ಒಣಗಿಸಿಕೊಂಡು ಗೆಡ್ಡೆಯಾಗಿ ಮಲಗುವುದು ಅದು ತವರಿನಲ್ಲೇ ಕಲಿತ ಪಾಠ. ಇಂಗ್ಲೆಂಡಿನವರು ಈ ನಿದ್ದೆಯನ್ನೇ ಚಳಿಗಾಲಕ್ಕೆ ಬಳಸಿಕೊಂಡರು, ಮಲೆನಾಡಿನವರು ಬೇಸಿಗೆಗೆ. ಅಲ್ಲಿ ಫ್ರಾಸ್ಟಿಗೆ ಎಲೆ ಕಪ್ಪಾದೊಡನೆ ಗೇಣುದ್ದ ಬಿಟ್ಟು ಕಾಂಡ ಕತ್ತರಿಸುತ್ತಾರೆ. ಗುದ್ದಲಿಯಲ್ಲ, ಮುಳ್ಳುಗುದ್ದಲಿ ಹಾಕಿ ದೂರದಿಂದ ಮೀಟಿ ಗೆಡ್ಡೆ ಎಬ್ಬಿಸುತ್ತಾರೆ. ಕಾಂಡ ಟೊಳ್ಳು, ಅದರಲ್ಲಿ ನೀರು ನಿಂತಿರುತ್ತದೆ. ಹಾಗಾಗಿ ಕೆಲವು ದಿನ ತಲೆಕೆಳಗಾಗಿಟ್ಟು ಬಸಿಯಲು ಬಿಡುತ್ತಾರೆ. ನಂತರ ಒಣ ಗೊಬ್ಬರದಲ್ಲೋ ಮರಳಿನಲ್ಲೋ ಹೂತು, ಇಲ್ಲವೇ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಹಿಮ ತಾಗದ ಗ್ಯಾರೇಜಿನ ಮೂಲೆಯಲ್ಲಿಡುತ್ತಾರೆ. ಪ್ರತಿ ತಿಂಗಳೂ ತೆಗೆದು ಮುಟ್ಟಿ ನೋಡಬೇಕು. ಮೆತ್ತಗಾದ ಒಂದು ಗೆಡ್ಡೆಯನ್ನು ಬಿಟ್ಟರೆ ಪೆಟ್ಟಿಗೆಯಿಡೀ ಕೊಳೆಯುತ್ತದೆ. ಹೆಸರಿನ ಚೀಟಿ ಕಟ್ಟದಿದ್ದರೆ ಮುಂದಿನ ವರ್ಷ ಕೆಂಪು ಯಾವುದು, ಬಿಳಿ ಯಾವುದು ದೇವರೇ ಬಲ್ಲ. ನಮ್ಮಲ್ಲಿ ಅಟ್ಟದ ಮೇಲೋ ಬಚ್ಚಲೊಲೆಯಿಂದ ದೂರದ ಮೂಲೆಯಲ್ಲೋ ಇಟ್ಟ ಗೆಡ್ಡೆಗೂ ಇದೇ ನಿಯಮ. ದಪ್ಪ ಗೆಡ್ಡೆ ಎಂದು ಆರಿಸಿಕೊಂಡು ಹೋದವರಿಗೆ ಹೂ ಸಿಗಬೇಕೆಂದಿಲ್ಲ. ಗೆಡ್ಡೆಯ ಕತ್ತು ಕಾಂಡಕ್ಕೆ ಸೇರುವಲ್ಲಿ ಕಣ್ಣಿರಬೇಕು. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನಲ್ಲಿ ಸುಮ್ಮನೆ ಕೊಳೆಯುತ್ತದೆ.

ಸಸೆಕ್ಸಿನ ಗ್ರೇಟ್ ಡಿಕ್ಸ್ಟರ್ ಎಂಬ ಹೆಸರಾಂತ ತೋಟದಲ್ಲಿ ತೋಟಗಾರಿಕೆಯ ಬರಹಗಾರ ಕ್ರಿಸ್ಟೊಫರ್ ಲಾಯ್ಡ್ 1993ರಲ್ಲಿ ಹಳೆಯ ಗುಲಾಬಿ ತೋಟವನ್ನೇ ಕೀಳಿಸಿ ಅಲ್ಲಿ ಬಾಳೆ, ಕಾಬಾಳೆ, ಡೇರೆ ತುಂಬಿಸಿದಾಗ ಇಂಗ್ಲಿಷರ ತೋಟಲೋಕ ಹೌಹಾರಿತು. ಗುಲಾಬಿಯನ್ನು ಕಿತ್ತದ್ದಕ್ಕೆ ಸಿಟ್ಟು ಒಂದು ಕಡೆ. ಕಣ್ಣಿಗೆ ಹೊಡೆಯುವ ಕೆಂಪು-ಕಿತ್ತಳೆಗಳು ಸಭ್ಯರ ತೋಟಕ್ಕೆ ಸಲ್ಲವು ಎಂಬ ಭಾವ ಇನ್ನೊಂದು ಕಡೆ. ಲಾಯ್ಡ್ ಕೇರ್ ಮಾಡಲಿಲ್ಲ. ಚಳಿಗಾಲಕ್ಕೆ ಮುಂಚೆ ಅರ್ಧ ತೋಟವನ್ನು ಎತ್ತಿ ಒಳಗಿಟ್ಟು, ಉಳಿದರ್ಧವನ್ನು ಹುಲ್ಲು-ಜರಿಗಿಡದ ಸೊಪ್ಪಿನಲ್ಲಿ ಸುತ್ತಿ, ಬೇಸಿಗೆಗೆ ಮತ್ತೆ ಹೊಸದಾಗಿ ಹೂಡುವ ಆಟ ಅಲ್ಲಿ ಇಂದಿಗೂ ನಡೆದಿದೆ.

ಇಂಥ ಆಟ ಶುರುವಾದದ್ದು ಹಣವಂತರಿಂದ. ವರ್ಸೈ ಅರಮನೆಯ ಕಿತ್ತಳೆಮನೆಯನ್ನು 14ನೇ ಲೂಯಿಗಾಗಿ 1684ರಿಂದ 86ರವರೆಗೆ ಕಟ್ಟಿದ್ದು ವಾಸ್ತುಶಿಲ್ಪಿ ಮಾನ್ಸಾರ್. ದಕ್ಷಿಣಕ್ಕೆ ಮುಖ, ಮೀಟರುಗಟ್ಟಲೆ ದಪ್ಪದ ಗೋಡೆ, ಎರಡು ಪದರದ ಕಿಟಕಿ. ಒಲೆಯಿಲ್ಲದೆಯೂ ಒಳಗೆ 5 ಡಿಗ್ರಿಗಿಂತ ಕೆಳಗಿಳಿಯದು. ಇಂದಿಗೂ ಸಾವಿರಕ್ಕೂ ಹೆಚ್ಚು ಮರದ ತೊಟ್ಟಿಗಳು, ಅವುಗಳಲ್ಲಿ ಕಿತ್ತಳೆ, ದಾಳಿಂಬೆ, ತಾಳೆ ಗಿಡಗಳು, ಚಳಿಗೆ ಒಳಗೆ ಹೋಗಿ ಮೇ ತಿಂಗಳಲ್ಲಿ ಹೊರಬರುತ್ತವೆ. ಇಂಗ್ಲೆಂಡಿನ ಜಮೀನ್ದಾರರು ಇನ್ನೂ ಮುಂದೆ ಹೋಗಿ ಅನಾನಸ್ ಬೆಳೆದರು. ಕಾರ್ನ್‌ವಾಲಿನ ಹೆಲಿಗನ್ ಎಂಬಲ್ಲಿ ಪಾಳುಬಿದ್ದಿದ್ದ ಹಳೆಯ ಅನಾನಸ್ ಗುಂಡಿಯೊಂದನ್ನು 1990ರ ದಶಕದಲ್ಲಿ ಸರಿಪಡಿಸಿ ಹಣ್ಣನ್ನೂ ಬೆಳೆದು ತೋರಿಸಿದ್ದಾರೆ. ಗುಂಡಿಯ ಎರಡೂ ಪಕ್ಕ ಕಾಲುವೆ, ಅದರ ತುಂಬ ಹಸಿ ಕುದುರೆ ಲದ್ದಿ, ತೂತುಬಿಟ್ಟು ಕಟ್ಟಿದ ಇಟ್ಟಿಗೆ ಗೋಡೆಯ ಮೂಲಕ ಲದ್ದಿಯ ಕಾವು ಗಿಡಕ್ಕೆ. ತಣ್ಣಗಾದ ಲದ್ದಿ ತೆಗೆದು ಹೊಸದು ತುಂಬುವ ಕೆಲಸ ಚಳಿಗಾಲದಲ್ಲಿ ಮುಗಿಯುವುದೇ ಇಲ್ಲ. ಒಂದು ಹಣ್ಣಿಗೆ ಎರಡು ವರ್ಷ ಬೇಕು. ಆ ಅನಾನಸನ್ನು ತಿನ್ನುವುದಕ್ಕಿಂತ ಮೇಜಿನ ಮೇಲಿಟ್ಟು ನೆಂಟರಿಗೆ ತೋರಿಸುವುದೇ ಹೆಚ್ಚಾಗಿತ್ತು ಎಂದರೆ ನಂಬಬಹುದು. ಅನಾನಸ್ ಬೆಳೆಯುವ ಬನವಾಸಿ ಸುತ್ತಿನ ರೈತರು ಇದನ್ನು ಕೇಳಿದರೆ ನಕ್ಕಾರು.

ಗಾಜಿನ ಮೇಲಿನ ತೆರಿಗೆ ಬ್ರಿಟನ್ನಿನಲ್ಲಿ 1845ರಲ್ಲಿ ರದ್ದಾದ ಮೇಲೆ ಗಾಜಿನ ಮನೆ ಮಧ್ಯಮವರ್ಗದ ಹಿತ್ತಿಲಿಗೂ ಬಂತು. ಲಂಡನ್ನಿನ ಕ್ಯೂ ಸಸ್ಯತೋಟದ ತಾಳೆಮನೆ ಎದ್ದದ್ದು 1844-48ರಲ್ಲಿ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸ ಮಾಡಿದ ಜೋಸೆಫ್ ಪ್ಯಾಕ್ಸ್ಟನ್ ಮೂಲತಃ ತೋಟಗಾರನೇ. ಅಮೆಜಾನಿನ ದೈತ್ಯ ತಾವರೆಗೆ ಗಾಜಿನ ಮನೆ ಕಟ್ಟಿ ಹೂ ಬಿಡಿಸಿ ಹೆಸರಾದವನು. ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಚಳಿಯಿಂದ ಗಿಡ ಕಾಯಲು ಹುಟ್ಟಿದ ಕಟ್ಟಡ, ಕಾಯಬೇಕಾದ ಚಳಿಯೇ ಇಲ್ಲದ ಊರಿಗೆ ಬಂದು ಫಲಪುಷ್ಪ ಪ್ರದರ್ಶನದ ಚಪ್ಪರವಾಯಿತು.

ಈಗ ಕನ್ನಡಿಗರ ಸರದಿ. ಹೊರದೇಶದ ಚಳಿಯಲ್ಲಿರುವ ನಮ್ಮವರಿಗೆ ಬಾಳೆಯ ಎತ್ತರ, ಅನಾನಸಿನ ಜಂಬ ಬೇಕಿಲ್ಲ. ಬೇಕಾದ್ದು ಕರಿಬೇವು. ನ್ಯೂಜೆರ್ಸಿಯಿಂದ ಟೊರಾಂಟೊವರೆಗೆ, ರೆಡಿಂಗಿನಿಂದ ಮ್ಯೂನಿಕ್‌ವರೆಗೆ ಅಡುಗೆಮನೆಯ ಕಿಟಕಿಯಲ್ಲಿ ಒಂದು ಕುಂಡ ಇದ್ದೇ ಇರುತ್ತದೆ. ತುಳಸಿ, ಮಲ್ಲಿಗೆ ಅದರ ಪಕ್ಕದಲ್ಲಿ. ತುಳಸಿ ಚಳಿಗೆ ಹೋದರೂ ಬೀಜ ಉಳಿಸಿಕೊಂಡು ಮತ್ತೆ ಹುಟ್ಟಿಸಬಹುದು. ಕರಿಬೇವು ಹೋದರೆ ಮನೆಯಲ್ಲಿ ಸೂತಕದ ವಾತಾವರಣ. ಅಮೆರಿಕದಲ್ಲಂತೂ ಅದನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವುದಕ್ಕೂ ಕಟ್ಟುಪಾಡುಗಳಿವೆ. ಕಿತ್ತಳೆ-ನಿಂಬೆಯ ಕುಲಕ್ಕೆ ಸೇರಿದ ಗಿಡವಾದ್ದರಿಂದ ಸಿಲ್ಲಿಡ್ ಎಂಬ ಪುಟ್ಟ ಜಿಗಿಹುಳು ಅದರ ಮೇಲೂ ಕೂರುತ್ತದೆ. ಕಿತ್ತಳೆ ತೋಟಗಳಿಗೆ ಹಸಿರುಕಾಯಿ ರೋಗ ಹರಡುವುದು ಅದೇ ಹುಳು. 2005ರಲ್ಲಿ ಫ್ಲಾರಿಡಾದಲ್ಲಿ ಆ ರೋಗ ಕಾಣಿಸಿಕೊಂಡ ಮೇಲೆ ಅಲ್ಲಿಯ ಕಿತ್ತಳೆ ಉದ್ಯಮವೇ ನೆಲಕಚ್ಚಿದೆ. ಒಗ್ಗರಣೆಯ ನಾಲ್ಕೆಲೆಗೆ ಸರ್ಕಾರ ಇಷ್ಟೇಕೆ ತಲೆಕೆಡಿಸಿಕೊಳ್ಳುತ್ತದೆ ಎಂದು ಗೊಣಗುವವರಿಗೆ ಇಷ್ಟು ಗೊತ್ತಿರಲಿ.

ನಾನು ಊರಿಗೆ ಮರಳಿದ ಮೇಲೆ ಒಂದು ಫೆಬ್ರವರಿ ರಾತ್ರಿ ತಂಗಿಯ ಮಗಳ ಫೋನು.

“ದೊಡ್ಡಮ್ಮಾ, ಕರಿಬೇವು ಪೂರ್ತಿ ಬೋಳಾಗಿದೆ. ಒಂದು ಎಲೆ ಇಲ್ಲ. ಎಸೆದುಬಿಡ್ಲಾ?”

“ಎಲ್ಲಿಟ್ಟಿದ್ದೀಯೇ?”

“ಹಾಲ್‌ನಲ್ಲಿ, ರೇಡಿಯೇಟರ್ ಪಕ್ಕ. ಬೆಚ್ಚಗಿರ್ಲಿ ಅಂತ. ದಿನಾ ನೀರು ಹಾಕ್ತಿದ್ದೆ.”

“ಉಗುರಲ್ಲಿ ತೊಗಟೆ ಕೆರೆದು ನೋಡು. ಒಳಗೆ ಹಸಿರಿದ್ಯಾ?”

ಕೆರೆಯುವ ಸದ್ದಾಯಿತು. “ಮೇಲುಗಡೆ ಕಂದು. ಕೆಳಗೆ... ಹ್ಞಾಂ, ಹಸಿರಿದೆ, ದೊಡ್ಡಮ್ಮ.”

“ಹಾಗಾದ್ರೆ ಸತ್ತಿಲ್ಲ. ನೀರು ನಿಲ್ಲಿಸು. ಅಲ್ಲಿಂದ ಎತ್ತಿ ತಣ್ಣಗಿನ ಕೋಣೆಯ ಕಿಟಕಿಗಿಡು.”

ನಮ್ಮವರು ಎಡವುವುದು ಇಲ್ಲಿಯೇ. ಚಳಿಯ ಊರಿಗೆ ಬಂದ ಗಿಡಕ್ಕೆ ಬೆಚ್ಚಗೆ ಬೇಕು, ಬಾಯಾರಿಕೆಯಾಗಬಾರದು ಎಂದು ಮಗುವಿಗೆ ಮಾಡಿದ ಹಾಗೆ ಮಾಡುತ್ತಾರೆ. ಆದರೆ ಗಿಡದ ಲೆಕ್ಕದಲ್ಲಿ ಶಾಖಕ್ಕಿಂತ ಮೊದಲು ಬರುವುದು ಬೆಳಕು. ಡಿಸೆಂಬರಿನ ನಡುಚಳಿಯಲ್ಲಿ ಲಂಡನ್ನಿನ ಹಗಲು ಎಂಟು ಗಂಟೆಯೂ ಇಲ್ಲ. ಅದರಲ್ಲಿ ಬಹುಪಾಲು ಮೋಡ. ಆ ಬೆಳಕಿಗೆ ಎಲೆ ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಬೆಳಕಿಲ್ಲದೆ ಶಾಖ ಮಾತ್ರ ಕೊಟ್ಟರೆ ಕೂಡಿಟ್ಟ ಸತ್ವ ಖರ್ಚಾಗಿ ಬಿಳಿಚಿದ ಉದ್ದನೆಯ ಚಿಗುರು ಹೊರಟು ಬೀಳುತ್ತದೆ. ರೇಡಿಯೇಟರಿನ ಒಣಗಾಳಿಗೆ ಕೆಂಪು ನುಸಿ ಬಲೆ ಕಟ್ಟುತ್ತದೆ. ತಣ್ಣಗಿನ ಕೋಣೆಯಲ್ಲಿಟ್ಟರೆ ಕರಿಬೇವು ಎಲೆ ಉದುರಿಸಿ ಮಲಗುತ್ತದೆ. ಮಲಗಿದ ಗಿಡದ ಬೇರು ನೀರು ಎಳೆಯುವುದಿಲ್ಲ. ಕುಂಡದಲ್ಲಿ ನಿಂತ ನೀರು ಬೇರನ್ನು ಕೊಳೆಸುತ್ತದೆ. ಚಳಿಗೆ ಸತ್ತಿತು ಎಂದು ಅವರು ಹೇಳುವ ಎಷ್ಟೋ ಗಿಡಗಳು ನಿಜವಾಗಿ ಸತ್ತದ್ದು ನೀರಿಗೆ. ಹಿತ್ತಿಲಲ್ಲೂ ಅಷ್ಟೆ. ಹಿಮಾಲಯದ ನೆತ್ತಿಯ ಮೇಲೆ, ಆಳೆತ್ತರದ ಹಿಮದಡಿ ಹಾಯಾಗಿ ನಿದ್ರಿಸುವ ಪುಟ್ಟ ಗಿಡಗಳು ಇಂಗ್ಲೆಂಡಿನ ಚಳಿಗಾಲದ ಜಿಟಿಜಿಟಿ ಮಳೆಗೆ ಕೊಳೆತುಹೋಗುತ್ತವೆ. ಅವನ್ನು ಬೆಳೆಸುವವರು ಮೇಲೆ ಗಾಜಿನ ಹಾಳೆ ಹಿಡಿಯುವುದು ಚಳಿ ತಡೆಯಲಿಕ್ಕಲ್ಲ, ಮಳೆ ತಡೆಯಲಿಕ್ಕೆ.

ಬೇಸಿಗೆಗೆ ಕರಿಬೇವು ಚಿಗುರಿತು. ಹುಳಿ ಮಜ್ಜಿಗೆ ಹಾಕಿದ್ದರಿಂದಲೇ ಎಂದು ಅವಳ ಅತ್ತೆಯ ನಂಬಿಕೆ. ಇರಲಿ.

ಚಳಿಯನ್ನು ಗೆದ್ದೆವು ಎಂದು ಬೀಗಿದ ತೋಟಗಳಿಗೂ ಅದು ಲೆಕ್ಕ ಚುಕ್ತಾ ಮಾಡಿದ್ದುಂಟು. ಇಂಗ್ಲೆಂಡಿನ ನೈಋತ್ಯ ತುದಿಯ ಸಿಲ್ಲಿ ದ್ವೀಪಗಳಲ್ಲಿ ಟ್ರೆಸ್ಕೊ ಎಂಬ ದ್ವೀಪವಿದೆ. 1834ರಲ್ಲಿ ಅಗಸ್ಟಸ್ ಸ್ಮಿತ್ ಎಂಬಾತ ಅಲ್ಲಿ ತೋಟ ಶುರುಮಾಡಿದ. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡಿನ ಗಿಡಗಳು ಸುತ್ತಿಲ್ಲದೆ, ಮುಚ್ಚಿಲ್ಲದೆ ಒಂದೂವರೆ ಶತಮಾನ ಬಯಲಿನಲ್ಲೇ ಬೆಳೆದವು. ಸುತ್ತಲ ಸಮುದ್ರ ಅವನ್ನು ಕಾದಿತ್ತು. 1987ರ ಜನವರಿಯಲ್ಲಿ ಹಿಮ ಬಿತ್ತು. ಕೆಲವೇ ದಿನದಲ್ಲಿ ತೋಟದ ಬಹುಭಾಗ ಕಪ್ಪು ಮುದ್ದೆ. ಮರಳಿ ನೆಡುತ್ತಿರುವಾಗಲೇ 1990ರ ಜನವರಿಯ ಬಿರುಗಾಳಿ ಗಾಳಿತಡೆಯ ದೊಡ್ಡ ಮರಗಳನ್ನು ಉರುಳಿಸಿತು. ಈಗ ತೋಟ ಮತ್ತೆ ತುಂಬಿದೆ. ಅಂಥ ಜನವರಿ ಇನ್ನೊಮ್ಮೆ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ಇಷ್ಟು ಕೇಳಿದರೆ ಚಳಿಗಾಲ ತೋಟಗಾರನ ಶತ್ರು ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಮೇಷ್ಟ್ರ ಬಾಳೆಗೆ ಮೇಷ್ಟ್ರು ಬೇಕು. ಅವರು ಒಂದೆರಡು ವರ್ಷ ಮರೆತರೆ ಅದು ಹಿತ್ತಿಲಿನ ಮೂಲೆಯ ಒಂದು ಸಣ್ಣ ಕಂದು. ಬೇಲಿ ದಾಟುವ ಪ್ರಶ್ನೆಯೇ ಇಲ್ಲ. ಬ್ರಿಟನ್ನಿಗೆ ತೊಂದರೆ ಕೊಟ್ಟವು ಹುಲ್ಲು ಸುತ್ತಬೇಕಾದ ಗಿಡಗಳಲ್ಲ. ಯಾವ ಆರೈಕೆಯೂ ಬೇಡದೆ ಮೊದಲ ಚಳಿಯನ್ನೇ ನಗುತ್ತ ದಾಟಿದವು. ರೋಡೋಡೆಂಡ್ರನ್ ಪಾಂಟಿಕಮ್ ಅನ್ನು 18ನೇ ಶತಮಾನದಲ್ಲಿ ಅದರ ನೇರಳೆ ಹೂವಿಗೆಂದು ತಂದರು. ಇಂದು ವೇಲ್ಸಿನ, ಸ್ಕಾಟ್ಲೆಂಡಿನ ಪಶ್ಚಿಮದ ಓಕ್ ಕಾಡುಗಳ ನೆಲಕ್ಕೆ ಬೆಳಕೇ ಬೀಳದಂತೆ ಹಬ್ಬಿದೆ. ಜಪಾನಿನ ನಾಟ್‌ವೀಡ್ 1850ರಲ್ಲಿ ಕ್ಯೂ ತೋಟಕ್ಕೆ ಬಂದ ಚೆಂದದ ಗಿಡ. ಈಗ ಅದನ್ನು ಕಾಡಿನಲ್ಲಿ ನೆಡುವುದು, ಹಬ್ಬಿಸುವುದು ಅಪರಾಧ. ಮನೆ ಮಾರುವಾಗ ನಿಮ್ಮ ಜಾಗದಲ್ಲಿ ನಾಟ್‌ವೀಡ್ ಇದೆಯೇ ಎಂಬ ಪ್ರಶ್ನೆಗೆ ಮಾರುವವರು ಬರೆದು ಉತ್ತರಿಸಬೇಕು. ನರ್ಸರಿಯವರು ಯಾವುದೇ ಊರಿನಲ್ಲಿ ಗಿಡ ಮಾರುವಾಗ ಹೇಳುವ ಅತಿದೊಡ್ಡ ಹೊಗಳಿಕೆ, ಇದಕ್ಕೆ ಏನೂ ಆರೈಕೆ ಬೇಡ ಎಂಬುದು. ಪರದೇಶದ ಗಿಡದ ವಿಷಯದಲ್ಲಿ ಆ ಮಾತು ಕೇಳಿದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ನಮಗೆ ಅಂಥ ಚಳಿಯ ಕಾವಲಿಲ್ಲ. ಅದಕ್ಕೇ ಲಂಟಾನ, ಅದಕ್ಕೇ ಕೆರೆ ತುಂಬುವ ಅಂತರಗಂಗೆ. ನೀಲಗಿರಿಯ ಕಾಡುವಾಸಿ ಸಮುದಾಯಗಳ ಕಲಾವಿದರು ಕಾಡಿನಿಂದ ಕಿತ್ತ ಲಂಟಾನದ ಕಡ್ಡಿಗಳಲ್ಲೇ ನಿಜದಷ್ಟೇ ಎತ್ತರದ ಆನೆಗಳನ್ನು ಕಟ್ಟಿ, ಅವನ್ನು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಲ್ಲಿಸಿದ್ದರು. ಬ್ರಿಟಿಷರು ಇಲ್ಲಿಗೆ ತಂದ ಗಿಡ ಆ ರೂಪದಲ್ಲಿ ಅವರ ಊರಿಗೆ ಹೋಯಿತು. ಆನೆಗಳಿಗೆ ಹುಲ್ಲು ಸುತ್ತುವ ಅಗತ್ಯವೇನೂ ಬೀಳಲಿಲ್ಲ.

ಅಲ್ಲಿಯ ಆ ಕಾವಲೂ ಈಗ ಸಡಿಲವಾಗುತ್ತಿದೆ. 2022ರ ಜುಲೈ 19ರಂದು ಇಂಗ್ಲೆಂಡಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ ಅಲ್ಲಿಯವರೆಗೆ 40 ಕಂಡಿರಲಿಲ್ಲ. ಅಮೆರಿಕದ ಕೃಷಿ ಇಲಾಖೆ ಯಾವ ಊರಿನ ಚಳಿಗೆ ಯಾವ ಗಿಡ ಎಂದು ತೋರಿಸುವ ನಕಾಶೆಯನ್ನು 2023ರಲ್ಲಿ ಹೊಸದಾಗಿ ಬರೆದಾಗ ದೇಶದ ಸುಮಾರು ಅರ್ಧ ಭಾಗ ಅರ್ಧ ಮೆಟ್ಟಿಲು ಬೆಚ್ಚಗಿನ ಕಡೆಗೆ ಜರುಗಿತ್ತು. ಬ್ರಿಟನ್ನಿನಲ್ಲೂ ಸಾಲಾಗಿ ಕೆಲವು ಮೆತ್ತನೆಯ ಚಳಿಗಾಲ ಕಂಡವರು ಹುಲ್ಲು, ಜಾಲರಿಯ ತಂಟೆ ಬಿಟ್ಟರು. ಅದೇ 2022ರ ಡಿಸೆಂಬರಿನ ಕೊರೆವ ಚಳಿ ಬಂದು ಅವರ ಹಿತ್ತಿಲನ್ನು ಗುಡಿಸಿಹಾಕಿತು. ಸರಾಸರಿ ಏರುತ್ತಿದೆ, ಆದರೆ ಗಿಡ ಸಾಯುವುದು ಸರಾಸರಿಗಲ್ಲ. ಒಂದು ಕೆಟ್ಟ ರಾತ್ರಿ ಸಾಕು. ಅಂಥ ರಾತ್ರಿಗಳು ವಿರಳವಾದಷ್ಟೂ, ಇಂದು ಎತ್ತಿಕೊಂಡು ಒಳಗೆ ತರುವ ಗಿಡಗಳಲ್ಲಿ ಯಾವುದು ಮುಂದೊಂದು ದಿನ ತಾನಾಗಿ ಹೊರಗುಳಿಯುತ್ತದೆ, ಹೊರಗುಳಿದು ಏನು ಮಾಡುತ್ತದೆ ಎಂಬ ಪ್ರಶ್ನೆ ಮಾತ್ರ ದೊಡ್ಡದಾಗುತ್ತಿದೆ.

ಈ ಸಲ ತಂಗಿಯ ಮಗಳು ಫೋನಿನಲ್ಲಿ ಕೇಳಿದಳು: ಚಳಿ ಮೊದಲಿನಷ್ಟಿಲ್ಲ, ದಕ್ಷಿಣದ ಗೋಡೆಯ ಬುಡದಲ್ಲಿ ಕರಿಬೇವನ್ನು ನೆಲಕ್ಕೇ ನೆಟ್ಟುಬಿಡಲೇ ಎಂದು. ಕುಂಡದಲ್ಲೇ ಇರಲಿ ಎಂದೆ. ಮೇ ಕೊನೆಯವರೆಗೆ ರಾತ್ರಿ ಹೊರಗಿಡಬೇಡ ಎಂದೂ ಹೇಳಿದೆ. ಏಪ್ರಿಲಿನ ಎಳೆಬಿಸಿಲಿಗೆ ಮರುಳಾಗಿ ಹೊರಗಿಟ್ಟ ಗಿಡಗಳನ್ನು ಮೇ ತಿಂಗಳ ಫ್ರಾಸ್ಟ್ ಹೊತ್ತೊಯ್ಯುವುದು ಅಲ್ಲಿ ಪ್ರತಿವರ್ಷದ ಮಾತು. ಹೂಂಗುಟ್ಟಿದಳು. ಹಾಗಾದರೆ ದೊಡ್ಡ ಕುಂಡ ತರಬೇಕಂತೆ, ಬೇರು ಆಗಲೇ ತಳದ ತೂತಿನಿಂದ ಹೊರಬಂದಿದೆ.